ಶ್ರವಣಬೆಳಗೊಳದ ಚಿಕ್ಕಬೆಟ್ಟ

ಶ್ರವಣಬೆಳಗೊಳವೆಂಬ ಹೆಸರನ್ನು ಕೇಳಿದೊಡನೆಯೇ ನಮ್ಮೆಲ್ಲರ ಮನಸ್ಸಿನಲ್ಲಿ ಮೂಡುವುದು ಗೊಮ್ಮಟೇಶ್ವರನ ಮೂರ್ತಿ. ಅದು ಸಹಜವೇ ಸರಿ. ಊರಿನ ಮನೆಗಳು ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮುಂಚೆ, ಹರಿದಾರಿಗಳ ದೂರದಿಂದಲೇ, ಬೆಟ್ಟದ ನೆತ್ತಿಯ ಮೇಲೆ ಆ ಮುಖ ಕಾಣಿಸಿಕೊಳ್ಳುತ್ತದೆ. ಒಮ್ಮೆ ಅದನ್ನು ಕಂಡಮೇಲೆ ಮತ್ತೊಂದರ ಕಡೆಗೆ ದೃಷ್ಟಿಯನ್ನು ತಿರುಗಿಸುವುದು ಕಷ್ಟ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ವಿದ್ಯಾರ್ಥಿಯಾಗಿದ್ದಾಗ. ಎಲ್ಲರಂತೆ ದೊಡ್ಡಬೆಟ್ಟವನ್ನು ಹತ್ತಿದೆ. ಸ್ವಾಮಿಯ ಪಾದಗಳ ಬಳಿ ಸ್ವಲ್ಪ ಹೊತ್ತು ಕುಳಿತೆ. ಇಳಿದುಬಂದು ಬುತ್ತಿಯನ್ನು ಬಿಚ್ಚಿ ಊಟಮಾಡಿ ಹಿಂದಿರುಗಿದೆ. ಕಲ್ಯಾಣಿಯ ಆಚೆಯ ಬದಿಯಲ್ಲಿ ಇನ್ನೊಂದು ಬೆಟ್ಟವಿದ್ದುದು ಕಾಣದೆ ಇರಲಿಲ್ಲ. ಆದರೆ ಅದು ಚಿಕ್ಕದು. ಅದರ ಮೇಲೆ ಕಂಡುದು ಒಂದು ಪ್ರಾಕಾರ, ಅದರೊಳಗೆ ಕೆಲವು ಗುಡಿಗಳು. ಅಲ್ಲಿ ನೋಡತಕ್ಕದ್ದೇನಿದ್ದೀತು ಎಂದುಕೊಂಡೆ.

ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ನನಗೆ ಹಲವು ವರ್ಷಗಳು ಬೇಕಾದುವು. ಇತಿಹಾಸವನ್ನು ಕಲಿಸುವ ಹೊಣೆ ನನ್ನ ಮೇಲೆ ಬಿದ್ದು, ವಿದ್ಯಾರ್ಥಿಗಳನ್ನು ಕರೆದುಕೊಂಡು ಮತ್ತೆ ಅಲ್ಲಿಗೆ ಹೋದಾಗ, ಮೊದಲು ಚಿಕ್ಕಬೆಟ್ಟವನ್ನು ಹತ್ತಿದೆನು. ಆಮೇಲೆ ದೊಡ್ಡಬೆಟ್ಟವೂ ನನಗೆ ಬೇರೆಯಾಗಿ ಕಂಡಿತು. ನನ್ನಂತೆಯೇ ತಪ್ಪುಮಾಡಿ ಹಿಂದಿರುಗುವ ಯಾತ್ರಿಕರು ಇಂದಿಗೂ ಬಹು ಮಂದಿ. ಆದಕಾರಣ, ಶ್ರೋತೃಗಳೇ, ಈ ಹೊತ್ತು ತಮ್ಮೊಡನೆ ಚಿಕ್ಕಬೆಟ್ಟದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಬಂದಿದ್ದೇನೆ. ನಾನು ಹೇಳಬೇಕೆಂದಿರುವುದರ ಸಾರ ಇಷ್ಟೆ: ಬೆಳಗೊಳವು ತೀರ್ಥವಾದದ್ದು ಗೊಮ್ಮಟನ ಮೂರ್ತಿಯಿಂದಲ್ಲ. ಮೂರ್ತಿ ಹುಟ್ಟುವುದಕ್ಕೆ ಸುಮಾರು ನಾಲ್ಕುನೂರು ವರ್ಷಗಳ ಮೊದಲೇ ಅದು ತೀರ್ಥವಾಗಿತ್ತು. ಅದನ್ನು ತೀರ್ಥವನ್ನಾಗಿ ಮಾಡಿದವರು ಅರಸರಲ್ಲ, ಸೇನಾಪತಿಗಳಲ್ಲ. ಚಿಕ್ಕಬೆಟ್ಟದ ಬರಿಯ ಬಂಡೆಯ ಮೇಲೆ ಕುಳಿತು ಪ್ರಾಣಬಿಟ್ಟ ಸಂನ್ಯಾಸಿ ಸಂನ್ಯಾಸಿನಿಯರು.

ಸ್ಥಳದ ಸ್ಥಿತಿಯನ್ನು ಮೊದಲು ತಿಳಿದುಕೊಳ್ಳೋಣ. ಬೆಳಗೊಳವು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ತಾಲ್ಲೂಕಿಗೆ ಸೇರಿದ ಊರು. ಉತ್ತರಕ್ಕೆ ಚಿಕ್ಕಬೆಟ್ಟ, ದಕ್ಷಿಣಕ್ಕೆ ದೊಡ್ಡಬೆಟ್ಟ. ನಡುವೆ ಊರು, ಊರ ನಡುವೆ ಕೊಳ. ಬಿಳಿಯ ಕೊಳವೇ ಬೆಳ್ಗೊಳವೆಂಬ ಹೆಸರಿಗೆ ಮೂಲ. ಶಾಸನಗಳ ಸಂಸ್ಕೃತದಲ್ಲಿ ಅದು ಧವಳಸರೋವರ. ಶ್ರಮಣರ, ಎಂದರೆ ಜೈನ ಯತಿಗಳ, ನೆಲೆಯಾದುದರಿಂದ ಶ್ರವಣಬೆಳಗೊಳ. ಈಗಿರುವ ಕಲ್ಯಾಣಿಯ ಕಟ್ಟಡವು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ ಅನಂತರ ಮುಗಿದದ್ದು. ದೊಡ್ಡಬೆಟ್ಟಕ್ಕೆ ವಿಂಧ್ಯಗಿರಿಯೆಂದೂ ಇಂದ್ರಗಿರಿಯೆಂದೂ ಹೆಸರು. ಅದು ಸಮುದ್ರಮಟ್ಟದಿಂದ ೩,೩೪೭ ಅಡಿ ಎತ್ತರ. ಬಯಲಿನಿಂದ ಸುಮಾರು ೪೭೦ ಅಡಿ. ಚಿಕ್ಕಬೆಟ್ಟ ಅಥವಾ ಚಂದ್ರಗಿರಿಯು ೩,೦೫೨ ಅಡಿ. ಎಂದರೆ ಅಣ್ಣನಿಗಿಂತ ತಮ್ಮನು ಮುನ್ನೂರಡಿಗಳಷ್ಟು ಕುಳ್ಳು. ಆದರೆ ಈ ತಮ್ಮನಿಗೆ ಅಣ್ಣನಿಗಿಂತ ವಯಸ್ಸು ಹೆಚ್ಚು. ಹಳೆಯ ಶಾಸನಗಳು ಇವನನ್ನು ಕನ್ನಡದಲ್ಲಿ ಕಳ್ಬಪ್ಪು ಎಂದೂ ಸಂಸ್ಕೃತದಲ್ಲಿ ಕಟವಪ್ರ ಎಂದೂ ಕರೆಯುತ್ತವೆ. ಆ ಕಾಲದಲ್ಲಿ ಇದೊಂದೇ ತೀರ್ಥಗಿರಿ. ಎದುರಿನ ದೊಡ್ಡಬೆಟ್ಟ ಬರಿಯ ಬೆಟ್ಟ.

ಈ ವಿಷಯ ನಮಗೆ ಹೇಗೆ ತಿಳಿಯಿತು? ಶಾಸನಗಳಿಂದ. ಬೆಳಗೊಳದಲ್ಲಿ ಕಲ್ಲಿನ ಮೇಲೆ ಬರೆಹವಿರುವಷ್ಟು ಒತ್ತಾಗಿ ನಮ್ಮ ನಾಡಿನ ಬೇರೆ ಊರುಗಳಲ್ಲಿ ಕಾಣುವುದು ಅಪೂರ್ವ. ಮೈಸೂರಿನ ಪ್ರಾಕ್ತನ ಸಂಶೋಧನೆಗೆ ಅಡಿಪಾಯ ಹಾಕಿದ ಲೂಯಿ ರೈಸ್ ಸಾಹೇಬರು ೧೮೮೯ರಲ್ಲಿ ಇಲ್ಲಿಯ ೧೪೪ ಶಾಸನಗಳನ್ನು ಪ್ರಕಟಿಸಿದರು. ಅವರ ತರುವಾಯ ಆರ್. ನರಸಿಂಹಾಚಾರ್ಯರು ಬಂಡೆಬಂಡೆಯನ್ನೂ ಹುಡುಕಿ ೧೯೨೩ರಲ್ಲಿ ಆ ಸಂಖ್ಯೆಯನ್ನು ೫೦೦ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಪರಿಷ್ಕರಿಸಿ ಹೊರಡಿಸಿದ ಸಂಪುಟದಲ್ಲಿ ಅವು ೫೭೩ ಆದುವು. ಇವುಗಳಲ್ಲಿ ೨೭೧ ಚಿಕ್ಕಬೆಟ್ಟದವು, ದೊಡ್ಡಬೆಟ್ಟದವು ೧೭೨, ಊರಿನವು ೮೦, ಸುತ್ತಣ ಹಳ್ಳಿಗಳವು ೫೦. ಹೆಚ್ಚು ಕಡಮೆ ಅರ್ಧದಷ್ಟು ಬರೆಹ ನಾವು ಹತ್ತದೆ ಬಿಟ್ಟುಬರುವ ಬೆಟ್ಟದ ಮೇಲಿದೆ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಅವುಗಳಲ್ಲೆಲ್ಲ ಹಳೆಯದು ಪಾರ್ಶ್ವನಾಥ ಬಸದಿಯ ದಕ್ಷಿಣಕ್ಕೆ ಬಂಡೆಯ ಮೇಲೆ ಕೆತ್ತಿರುವ ಒಂದು ಸಂಸ್ಕೃತ ಶಾಸನ. ಅದರ ಲಿಪಿಯನ್ನು ನೋಡಿ ವಿದ್ವಾಂಸರು ಅದು ಕ್ರಿ. ಶ. ೬೦೦ರ ಸುಮಾರಿನದೆಂದು ನಿಶ್ಚಯಿಸಿದ್ದಾರೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ಕ್ಷಾಮ ಬರುವುದನ್ನು ಮುಂದಾಗಿ ಕಂಡು ಹೇಳಿದನೆಂದೂ, ಆಗ ಸಂಘವೆಲ್ಲವೂ ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ಹೊರಟು ಧನಧಾನ್ಯಗಳಿಂದ ತುಂಬಿದ ಜನಪದವೊಂದಕ್ಕೆ ಬಂದಿತೆಂದೂ ಅದು ಹೇಳುತ್ತದೆ. ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಅಂತ್ಯ ಸಮೀಪಿಸಿತೆಂದು ತಿಳಿದು, ಒಬ್ಬನೇ ಶಿಷ್ಯನನ್ನು ಜೊತೆಯಲ್ಲಿರಿಸಿಕೊಂಡು, ಉಳಿದವರನ್ನು ಕಳುಹಿಸಿಕೊಟ್ಟು, ಈ ಕಟವಪ್ರ ಗಿರಿಯಲ್ಲಿ ಸಮಾಧಿಯನ್ನು ಹೊಂದಿದನು. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಇಲ್ಲಿಯೇ ಅದೇ ಗತಿಯನ್ನು ಪಡೆದರು.

ಇಲ್ಲಿಂದಲೇ ಪ್ರಸಿದ್ಧವಾದ ಒಂದು ವಾದ ಹುಟ್ಟುತ್ತದೆ. ಮೌರ್ಯ ಚಕ್ರವರ್ತಿಯಾದ ಚಂದ್ರಗುಪ್ತನು ರಾಜ್ಯವನ್ನು ತ್ಯಜಿಸಿ, ಭದ್ರಬಾಹುವಿನ ಶಿಷ್ಯನಾಗಿ ಇಲ್ಲಿಗೆ ಬಂದು, ಗುರುವಿನ ಪಾದಗಳನ್ನು ಪೂಜಿಸುತ್ತ ಇಲ್ಲಿಯೇ ದೇಹಬಿಟ್ಟನೆಂಬುದು ಜೈನ ಸಂಪ್ರದಾಯ. ಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಬಂದುದು ಅವನಿಂದಲೇ. ಭದ್ರಬಾಹುವಿನ ಗುಹೆಯನ್ನೂ ಅದರೊಳಗಣ ಪಾದಗಳನ್ನೂ ಈಗಲೂ ತೋರಿಸುತ್ತಾರೆ. ಚಂದ್ರಗುಪ್ತ ಬಸದಿಯ ಮುಂದಣ ಕಲ್ಲಿನ ಜಾಲಂಧ್ರದಲ್ಲಿ ಈ ಗುರುಶಿಷ್ಯರ ಕಥೆಯನ್ನು ಸಾಲುಸಾಲಾಗಿ ಚಿಕ್ಕ ಚಿಕ್ಕ ಚಿತ್ರಗಳಲ್ಲಿ ಕೆತ್ತಿದೆ. ದಾಸೋಜನೆಂಬ ಶಿಲ್ಪಿಯ ಹೆಸರು ಅಲ್ಲಿ ಉಂಟು. ರೈಸ್ ಸಾಹೇಬರು ಈ ಸಂಪ್ರದಾಯವನ್ನು ಸತ್ಯವೆಂದೇ ಸ್ವೀಕರಿಸಿದರು. ಫ್ಲೀಟ್ ಸಾಹೇಬರು ಅದನ್ನು ಬಲವಾಗಿ ಖಂಡಿಸಿದರು.

ಈ ವಿವಾದದಲ್ಲಿ ಇತಿಹಾಸದ ವಿದ್ಯಾರ್ಥಿಯು ಯಾವ ಪಕ್ಷವನ್ನು ಹಿಡಿಯತಕ್ಕದ್ದು? ಅವಸರಪಡತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ. ಚಂದ್ರಗುಪ್ತನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯಲ್ಲಿ ಆಳಿದವನು. ನಮ್ಮ ಮೊದಲ ಶಾಸನಕ್ಕೂ ಅವನಿಗೂ ಒಂಬೈನೂರು ವರ್ಷಗಳ ಅಂತರ. ಆ ಶಾಸನದಲ್ಲಿ ಚಂದ್ರಗುಪ್ತನೆಂಬ ಹೆಸರಿಲ್ಲ. ಇರುವುದು ಪ್ರಭಾಚಂದ್ರನೆಂಬ ಹೆಸರು. ಭದ್ರಬಾಹು ಚಂದ್ರಗುಪ್ತರಿಬ್ಬರ ಪಾದಮುದ್ರೆಗಳನ್ನು ಹೊತ್ತ ಬೆಟ್ಟವೆಂದು ಕಳ್ಬಪ್ಪನ್ನು ಹೊಗಳುವ ಮಾತು ಮೊದಲು ಸಿಕ್ಕುವುದು ಶ್ರೀರಂಗಪಟ್ಟಣದ ಬಳಿಯ, ೯೦೦ರ ಸುಮಾರಿನ, ಶಾಸನಗಳಲ್ಲಿ. ಇದು ಒಂದು ಪಕ್ಷ. ಮೌರ್ಯರ ಆಳ್ವಿಕೆ ನಮ್ಮ ನಾಡಿನವರೆಗೆ ಹಬ್ಬಿತ್ತೆಂಬುದಕ್ಕೆ ಬ್ರಹ್ಮಗಿರಿಯಲ್ಲಿಯೂ ಸಿದ್ದಾಪುರದಲ್ಲಿಯೂ ಅಶೋಕನ ಶಾಸನಗಳೇ ಸಾಕ್ಷಿಯಾಗಿ ನಿಂತಿವೆ. ಆದುದರಿಂದ ಚಂದ್ರಗುಪ್ತನು ಬಂದಿರಲಾರನೆಂದು ಹೇಳುವುದೂ ಸಾಹಸವೇ. ಇದು ಇನ್ನೊಂದು ಪಕ್ಷ. ನಾನು ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ಚಕ್ರವರ್ತಿ ಬಂದನೆಂಬುದು ಸಂಭವ, ಸಿದ್ಧವಲ್ಲ. ಏಳನೆಯ ಶತಮಾನದ ಜನ ಈ ಬೆಟ್ಟವನ್ನು ಸಾಯುವುದಕ್ಕೆ ಯೋಗ್ಯವಾದ ಪುಣ್ಯಸ್ಥಳವೆಂದು ನಂಬಿದ್ದರೆಂಬುದು ಸಿದ್ಧ. ಮೊದಲನೆಯದರ ಮೇಲೆ ನಾವು ಬಹಳ ಶಾಯಿ ಖರ್ಚುಮಾಡಿದ್ದೇವೆ. ಎರಡನೆಯದನ್ನು ಬಂಡೆಯ ಮೇಲೆ ಬಿಟ್ಟು ದಾಟಿಹೋಗಿದ್ದೇವೆ.

ಆ ಬಂಡೆಯ ಕಡೆಗೆ ಈಗ ಬರೋಣ. ಪ್ರಾಕಾರದ ಒಳಗಣ ನೆಲ ಹೆಚ್ಚೆಂದರೆ ಐನೂರು ಅಡಿ ಉದ್ದ, ಇನ್ನೂರಿಪ್ಪತ್ತೈದು ಅಡಿ ಅಗಲ. ಬಸದಿಗಳ ನಡುವೆ ನೆಲವೆಲ್ಲ ಬರಿಯ ಬಂಡೆ. ಅದರ ಮೇಲೆ, ಕಾಲಿಡುವಲ್ಲೇ, ಅಕ್ಷರಗಳು. ಆರುನೂರರಿಂದ ಎಂಟುನೂರರವರೆಗಿನ ಎರಡು ಶತಮಾನಗಳಲ್ಲಿ ಕೆತ್ತಿದ ನಿಸಿದಿ ಶಾಸನಗಳು ಇವು. ಹಳಗನ್ನಡಕ್ಕಿಂತಲೂ ಹಳೆಯದಾದ ಕನ್ನಡ ಇವುಗಳದು. ಬಹುಪಾಲು ಎರಡು ಮೂರು ಸಾಲುಗಳಿಗೆ ಮುಗಿಯುತ್ತವೆ. ಇಂಥ ಊರಿನ, ಇಂಥ ಗುರುವಿನ ಶಿಷ್ಯರು, ಇಷ್ಟು ಕಾಲ ವ್ರತವನ್ನು ನಡಸಿ, ಈ ಬೆಟ್ಟದಲ್ಲಿ ಮುಗಿದರು. ಅಷ್ಟೆ. ಚಿತ್ತೂರಿನ ಮೌನಿಗುರುವಿನ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳ ವ್ರತವನ್ನು ಹಿಡಿದವರು. ನವಿಲೂರು ಸಂಘದ ಅನಂತಮತಿ ಗಂತಿಯರು ಹನ್ನೆರಡು ಬಗೆಯ ತಪಸ್ಸನ್ನು ಕೈಕೊಂಡು ಕಟವಪ್ರವನ್ನೇರಿದವರು. ಗಂತಿಯೆಂದರೆ ಜೈನ ಸಂನ್ಯಾಸಿನಿ. ಹದಿಮೂರು ಶತಮಾನಗಳ ಹಿಂದೆ ನಮ್ಮ ನಾಡಿನಲ್ಲಿ ಬಾಳಿದ ಹೆಂಗಸರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಅರಸಿಯರಲ್ಲದವರ ಹೆಸರಂತೂ ಬೆರಳಲ್ಲಿ ಎಣಿಸುವಷ್ಟೂ ಇಲ್ಲ. ಈ ಬಂಡೆ ಅವರನ್ನು ಉಳಿಸಿಕೊಟ್ಟಿದೆ.

ಈ ಶಾಸನಗಳಲ್ಲಿ ಸಾವಿಗೆ ಬಳಸಿರುವ ಒಂದು ಕ್ರಿಯಾಪದವನ್ನು ತಾವು ಗಮನಿಸಬೇಕು. ಸತ್ತರು ಎಂದು ಅವು ಹೇಳುವುದಿಲ್ಲ; ನೋಂತು ಮುಡಿಪಿದರು ಎನ್ನುತ್ತವೆ. ನೋನುವುದು ಎಂದರೆ ವ್ರತಮಾಡುವುದು. ಮುಡಿಪುವುದು ಎಂದರೆ ಮುಗಿಸುವುದು. ತಿರುಪತಿಗೆ ಹೋಗುವವರು ಇಂದಿಗೂ ಮುಡಿಪನ್ನು ಕಟ್ಟುತ್ತಾರೆ. ದೇವರಿಗೆಂದು ಬೇರೆಯಾಗಿ ತೆಗೆದಿಟ್ಟುದು ಮುಡಿಪು. ಇವೆರಡಕ್ಕೂ ಪದಮೂಲದಲ್ಲಿ ಎಷ್ಟರ ಸಂಬಂಧವೆಂಬುದನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ. ಕನ್ನಡದ ಕಿವಿಗಂತೂ ಎರಡೂ ಒಟ್ಟಿಗೆ ಕೇಳುತ್ತವೆ.

ನನ್ನ ಜೊತೆಯಲ್ಲಿ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಆ ಬಂಡೆಯ ಮೇಲೆ ನಿಂತು, “ಸಾರ್, ಇದು ಆತ್ಮಹತ್ಯೆಯಲ್ಲವೆ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದುದು, ಇಂದಿನ ಯಾವ ಓದಿದವರ ಮನಸ್ಸಿಗೂ ಬರತಕ್ಕದ್ದು. ಅವಳಿಗೆ ನಾನು ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿಯೂ ಹೇಳುತ್ತೇನೆ. ಸಲ್ಲೇಖನಕ್ಕೆ ಶಾಸ್ತ್ರವು ಕಟ್ಟುಗಳನ್ನು ವಿಧಿಸಿದೆ. ತಪ್ಪಿಸಿಕೊಳ್ಳಲಾಗದ ವಿಪತ್ತು, ಕ್ಷಾಮ, ಮುಪ್ಪು, ಪ್ರತೀಕಾರವಿಲ್ಲದ ರೋಗ, ಇವು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದೇ ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಲಕ್ಷಣವನ್ನು ಹೇಳಿದ್ದಾರೆ. ದುಃಖದ ಆವೇಗದಲ್ಲಿ ಪ್ರಾಣವನ್ನು ಕಳೆದುಕೊಳ್ಳುವುದಕ್ಕೆ ಅಲ್ಲಿ ಅವಕಾಶವಿಲ್ಲ. ಗುರುವಿನ ಅನುಮತಿ ಬೇಕು. ವೈರವನ್ನೂ ಮಮತೆಯನ್ನೂ ಮೊದಲು ಬಿಡಬೇಕು. ಆಹಾರವನ್ನು ಮೆಲ್ಲಮೆಲ್ಲನೆ ಕಡಮೆಮಾಡುತ್ತ ಬರಬೇಕು. ಬೇಗ ಸಾಯಲಿ ಎಂದು ಬಯಸುವುದೂ ದೋಷವೇ. ವಿದ್ವಾಂಸರಾದ ಷ. ಶೆಟ್ಟರ್ ಅವರು ಈ ಬೆಟ್ಟದ ಸಾವುಗಳನ್ನೇ ವಿಷಯವಾಗಿ ತೆಗೆದುಕೊಂಡು ೧೯೮೯ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಈ ಆಚರಣೆಯು ಶತಮಾನದಿಂದ ಶತಮಾನಕ್ಕೆ ನಡೆದುಬಂದ ಬಗೆಯನ್ನು ವಿವರಿಸಿದರು.

ಇಷ್ಟು ಹೇಳಿದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಅದು ಹಳೆಯ ಕಾಲದ ಪ್ರಶ್ನೆಯೂ ಅಲ್ಲ. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪುಕೊಟ್ಟಿತು. ದೇಶದ ಜೈನರು ಊರೂರುಗಳಲ್ಲಿ ಮೌನವಾಗಿ ಮೆರವಣಿಗೆ ನಡಸಿದರು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯನ್ನು ಕೊಟ್ಟಿತು. ವ್ರತವನ್ನು ತಾನಾಗಿ ಹಿಡಿದವರಾರು, ಮನೆಯವರ ಮಾತಿಗೆ ಕಟ್ಟುಬಿದ್ದವರಾರು ಎಂದು ಕಾನೂನು ಕೇಳುವುದು ತಪ್ಪಲ್ಲ. ಹಾಗೆಯೇ, ಸಾವನ್ನು ಎದುರುಗೊಳ್ಳುವ ಒಂದು ಬಗೆಯನ್ನು ಸಾವಿರದ ನಾನೂರು ವರ್ಷ ಕಾಪಾಡಿಕೊಂಡು ಬಂದ ಜನರನ್ನು ಹೇಡಿಗಳೆಂದು ಒಂದು ಮಾತಿನಲ್ಲಿ ತೆಗೆದುಹಾಕುವುದೂ ಸರಿಯಲ್ಲ. ಇತಿಹಾಸದ ಅಧ್ಯಾಪಕನು ನ್ಯಾಯಾಧೀಶನಲ್ಲ. ನಾಗಮತಿಯ ಆ ಮೂರು ತಿಂಗಳುಗಳನ್ನು ಅಳೆಯುವ ಕೋಲು ನನ್ನ ಬಳಿ ಇಲ್ಲವೆಂದು ಆ ಹುಡುಗಿಗೆ ಒಪ್ಪಿಕೊಂಡೆನು.

ನಾವು ಹೀಗೆ ಮಾತಾಡುತ್ತಿರುವಾಗ ವಯಸ್ಸಾದ ಹೆಂಗಸೊಬ್ಬರು ಬಸದಿಯಿಂದ ಬಸದಿಗೆ ಹೋಗುತ್ತಿದ್ದರು. ನೇರವಾಗಿ ನಡೆಯದೆ ಸುತ್ತುಹಾಕಿಕೊಂಡು, ಅಕ್ಷರವಿದ್ದ ಕಡೆಯಲ್ಲೆಲ್ಲ ಕಾಲನ್ನು ತಪ್ಪಿಸುತ್ತಿದ್ದುದನ್ನು ನೋಡಿ, ಅದರಲ್ಲಿ ಏನು ಬರೆದಿದೆಯೆಂದು ಬಲ್ಲಿರಾ ಎಂದು ಕೇಳಿದೆ. “ಓದೋದಕ್ಕೆ ನನಗೆ ಬರೋಲ್ಲಪ್ಪ. ದೊಡ್ಡವರು ದೇಹ ಬಿಟ್ಟ ಜಾಗ, ತುಳೀಬಾರದು ಅಂತ ನಮ್ಮ ಅತ್ತೆ ಹೇಳಿದ್ದರು” ಎಂದರು. ನಾನು ನಿಂತಿದ್ದುದು ಒಂದು ನಿಸಿದಿಯ ಮೇಲೆ. ಮೆಲ್ಲನೆ ಪಕ್ಕಕ್ಕೆ ಸರಿದೆನು.

ಇನ್ನು ಗುಡಿಗಳ ವಿಷಯ. ಯತಿಗಳ ಈ ಬೆಟ್ಟಕ್ಕೆ ಅರಸರ ಹೆಸರು ಸೇರಿದ್ದು ಹತ್ತನೆಯ ಶತಮಾನದಲ್ಲಿ, ಅದೂ ಬಹುಮಟ್ಟಿಗೆ ಸಾವಿನ ಮೂಲಕವೇ. ಗಂಗರ ಮಾರಸಿಂಹನು ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು, ೯೭೪ರ ಸುಮಾರಿನಲ್ಲಿ ಮುಡಿಪಿದನು. ಅವನ ಚರಮಶಾಸನವನ್ನು ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲೆ ಕೆತ್ತಿದ್ದಾರೆ. ಅವನು ಪಟ್ಟಕಟ್ಟಿ ನಿಲ್ಲಿಸಬೇಕೆಂದಿದ್ದ ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರನು, ತನ್ನ ಮನೆತನದ ಸಾಮ್ರಾಜ್ಯ ಚಾಳುಕ್ಯರ ಪಾಲಾದಮೇಲೆ, ಬೆಳಗೊಳಕ್ಕೆ ಬಂದು ೯೮೨ರಲ್ಲಿ ಸಲ್ಲೇಖನದಿಂದ ದೇಹಬಿಟ್ಟನು. ಅವನ ಶಾಸನವು ರಾಜ್ಯಭಾರವನ್ನು ಹೊಗಳುವುದಕ್ಕಿಂತ ಅವನು ಕುದುರೆಯ ಮೇಲೆ ಕುಳಿತು ಚೆಂಡಾಡುವುದರಲ್ಲಿ ಎಷ್ಟು ನಿಪುಣನೆಂಬುದನ್ನೇ ಹೆಚ್ಚಾಗಿ ಹೊಗಳುತ್ತದೆ. ಕಳೆದುಹೋದ ರಾಜ್ಯದ ವಿಷಯದಲ್ಲಿ ಹೊಗಳುವುದಕ್ಕೆ ಇನ್ನೇನಿತ್ತು?

ಸರಿಯಾಗಿ ಈ ಕಾಲದಲ್ಲಿಯೇ ಎದುರಿನ ಬೆಟ್ಟಕ್ಕೆ ಜೀವ ಬಂದಿತು. ಗಂಗರ ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ೯೭೮ರಲ್ಲಿ ತನ್ನ ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. ಅದರಲ್ಲಿ ಗೊಮ್ಮಟಮೂರ್ತಿಯ ಮಾತಿಲ್ಲ. ಆದುದರಿಂದ ಮೂರ್ತಿಯು ಅನಂತರದ್ದು. ೯೮೧ರ ಸುಮಾರಿನದೆಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಚಾವುಂಡರಾಯನು ತನ್ನ ತಾಯಿಯೊಡನೆ ಪೌದನಪುರದ ಬಾಹುಬಲಿಯ ದರ್ಶನಕ್ಕೆ ಹೊರಟು, ಇಲ್ಲಿ ತಂಗಿ, ಕನಸಿನ ಅಪ್ಪಣೆಯಂತೆ ಚಿಕ್ಕಬೆಟ್ಟದ ಮೇಲೆ ನಿಂತು ಎದುರಿನ ಬೆಟ್ಟಕ್ಕೆ ಬಾಣಬಿಟ್ಟನೆಂದೂ, ಬಾಣ ತಗುಲಿದ ಕಡೆ ಮೂರ್ತಿ ಮೂಡಿತೆಂದೂ ಐತಿಹ್ಯವುಂಟು. ಐತಿಹ್ಯವನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಆದರೆ ಬಾಣ ಹೊರಟದ್ದು ಎಲ್ಲಿಂದ ಎಂಬುದನ್ನು ಅದು ಮರೆತಿಲ್ಲ. ಚಾವುಂಡರಾಯನ ಹೆಸರಿನ ಬಸದಿಯೂ ಚಿಕ್ಕಬೆಟ್ಟದ ಮೇಲೆಯೇ ಇದೆ; ಅದರ ಮೇಲಂತಸ್ತನ್ನು ಅವನ ಮಗ ಜಿನದೇವನು ಮಾಡಿಸಿದನು. ಬಂಡೆಯೊಂದರ ಮೇಲೆ ಶ್ರೀ ಕವಿರತ್ನ ಎಂದು ಕೆತ್ತಿದ ಬರೆಹ ಮಹಾಕವಿ ರನ್ನನದೇ ಇರಬೇಕೆಂದು ವಿದ್ವಾಂಸರ ಊಹೆ.

ಆದರೆ ಇಂದು ನಾವು ಕಾಣುವ ಬಸದಿಗಳಲ್ಲಿ ಹೆಚ್ಚಿನವು ಹನ್ನೆರಡನೆಯ ಶತಮಾನದವು, ಹೊಯ್ಸಳ ವಿಷ್ಣುವರ್ಧನನ ಕಾಲದವು. ಅವುಗಳನ್ನು ಕಟ್ಟಿಸಿದವರು ಯಾರು, ಯಾರಿಗಾಗಿ ಕಟ್ಟಿಸಿದರು ಎಂದು ಕೇಳಿದರೆ ಒಂದು ಆಶ್ಚರ್ಯ ಕಾದಿದೆ. ಕತ್ತಲೆ ಬಸದಿಯನ್ನು ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚವ್ವೆಗಾಗಿ ಮಾಡಿಸಿದನು. ಎರಡುಕಟ್ಟೆ ಬಸದಿಯನ್ನು ಅವನ ಹೆಂಡತಿ ಲಕ್ಷ್ಮಿ ಮಾಡಿಸಿದಳು. ತೇರಿನ ಬಸದಿಯನ್ನು ೧೧೧೭ರಲ್ಲಿ ಇಬ್ಬರು ವರ್ತಕರ ತಾಯಂದಿರು, ಮಾಚಿಕಬ್ಬೆ ಶಾಂತಿಕಬ್ಬೆಯರು ಮಾಡಿಸಿದರು. ಸವತಿಗಂಧವಾರಣ ಬಸದಿಯನ್ನು ಪಟ್ಟದರಸಿ ಶಾಂತಲದೇವಿ ೧೧೨೩ರಲ್ಲಿ ಮಾಡಿಸಿದಳು. ಸವತಿಯರೆಂಬವರಿಗೆ ಮದ್ದಾನೆಯಂತಿರುವವಳು ಎಂಬುದು ಅವಳ ಬಿರುದು. ಶಾಂತಿನಾಥನನ್ನು ಪ್ರತಿಷ್ಠೆಮಾಡಿದ ಬಸದಿಗೆ ಇಂಥ ಹೆಸರು ನಿಂತದ್ದನ್ನು ನೋಡಿದರೆ ನಗು ಬರುತ್ತದೆ. ಅರಮನೆಯ ಒಳಗಿನ ಕಷ್ಟವೂ ಸ್ವಲ್ಪ ತಿಳಿಯುತ್ತದೆ. ಗಂತಿಯರ ಬಂಡೆಯ ಮೇಲೆ ಎದ್ದ ಗುಡಿಗಳು ಬಹುಮಟ್ಟಿಗೆ ತಾಯಂದಿರ ಗುಡಿಗಳು.

ಶಾಂತಲೆಯ ಕಥೆಯ ಕೊನೆ ಬೆಳಗೊಳದಲ್ಲಿಯೇ ಇದೆ. ಅವಳ ತಂದೆ ಮಾರಸಿಂಗಯ್ಯನು ಶೈವ; ತಾಯಿ ಮಾಚಿಕಬ್ಬೆ ಜೈನಳು; ಗಂಡನಾದ ವಿಷ್ಣುವರ್ಧನನು ವಿಷ್ಣುಭಕ್ತನೆಂದು ಪ್ರಸಿದ್ಧನಾದವನು. ೧೧೩೧ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಎದುರಿಗೆ ಸಲ್ಲೇಖನವನ್ನು ಹಿಡಿದು, ಒಂದು ತಿಂಗಳು ಉಪವಾಸವಿದ್ದು ದೇಹಬಿಟ್ಟಳೆಂದು ಶಾಸನವು ಹೇಳುತ್ತದೆ. ಇಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಇದು ವೈರಾಗ್ಯವೋ, ಪುತ್ರೀಶೋಕವೋ? ಶಾಸ್ತ್ರವು ಇವೆರಡನ್ನೂ ಬೇರೆಮಾಡುತ್ತದೆ. ತಾಯಿಯ ಹೃದಯದಲ್ಲಿ ಅವು ಬೇರೆಯಾಗಿದ್ದುವೋ ಇಲ್ಲವೋ, ಕಲ್ಲು ಹೇಳುವುದಿಲ್ಲ.

ಒಂದೇ ಮನೆಯಲ್ಲಿ ಎರಡು ಮತಗಳು ಕೂಡಿ ಬಾಳಿದ ಉದಾಹರಣೆ ಇದೊಂದೇ ಅಲ್ಲ. ಊರೊಳಗಣ ಅಕ್ಕನ ಬಸದಿಯನ್ನು ೧೧೮೧ರಲ್ಲಿ ಕಟ್ಟಿಸಿದ ಆಚಿಯಕ್ಕನ ಗಂಡನಾದ ಚಂದ್ರಮೌಳಿಯು ವೀರಬಲ್ಲಾಳನ ಮಂತ್ರಿ. ಜಾತಿಯಲ್ಲಿ ಬ್ರಾಹ್ಮಣ, ನಂಬಿಕೆಯಲ್ಲಿ ಶೈವ. ಹೆಂಡತಿಯ ಬಸದಿಗೆ ಅರಸನಿಂದ ಊರೊಂದನ್ನು ಬಿಡಿಸಿಕೊಟ್ಟವನು ಅವನೇ. ಆದರೆ ನಮ್ಮ ಪೂರ್ವಿಕರು ಯಾವಾಗಲೂ ಸೌಹಾರ್ದದಿಂದಲೇ ಇದ್ದರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಅದು ನಿಜವಲ್ಲ. ಹುಳ್ಳನೆಂಬ ಭಂಡಾರಿ ೧೧೫೯ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ ೧೩೬೮ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ತಮಗೆ ಅನ್ಯಾಯವಾಯಿತೆಂದು ಜೈನರು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದವರನ್ನು ಕೂಡಿಸಿ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯಗಳೂ ಕಳಶವೂ ಜೈನರಿಗೆ ಹಿಂದಿನಂತೆ ಸಲ್ಲತಕ್ಕದ್ದು. ಜೈನ ದರ್ಶನಕ್ಕೆ ಬಂದ ಹಾನಿಯನ್ನು ವೈಷ್ಣವರು ತಮಗೇ ಬಂದ ಹಾನಿಯೆಂದು ಭಾವಿಸತಕ್ಕದ್ದು.

ಬುಕ್ಕರಾಯನ ಬುದ್ಧಿವಂತಿಕೆ ಈ ಮಾತುಗಳಿಗಿಂತ ಮುಂದಣ ಏರ್ಪಾಡಿನಲ್ಲಿದೆ. ರಾ‌ಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡತಕ್ಕದ್ದು. ಅದನ್ನು ಕೂಡಿಸಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನಿಟ್ಟು, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳನ್ನು ಸರಿಪಡಿಸುವ ಕೆಲಸ ತಿರುಮಲೆಯ ತಾತಯ್ಯನದು. ಎಂದರೆ, ಜೈನ ಬಸದಿಯ ರಕ್ಷಣೆಗೆ ವೈಷ್ಣವನೇ ಹೊಣೆ. ಜಗಳವಾಡಿದವನ ಕೈಗೆ ಬೀಗದ ಕೈಯನ್ನು ಕೊಟ್ಟು ಮನೆ ಕಾಯಿಸುವ ಈ ಉಪಾಯವನ್ನು ಬರಿಯ ಉಪದೇಶದಿಂದ ಸಾಧಿಸಲಾಗುತ್ತಿರಲಿಲ್ಲ. ಕಷ್ಟ ಯಾವಾಗಲೂ ಹೊರಗಿನಿಂದಲೇ ಬರಲಿಲ್ಲ. ಹದಿನೇಳನೆಯ ಶತಮಾನದ ವೇಳೆಗೆ ಇಲ್ಲಿಯ ಸ್ಥಾನಿಕರೇ ದೇವರ ಮಾನ್ಯಗಳನ್ನು ವರ್ತಕರಿಗೆ ಅಡವಿಟ್ಟಿದ್ದರು. ೧೬೩೪ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಅಡವು ಹಿಡಿದವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಸಾಲಗಾರರಲ್ಲಿಯೂ ಧರ್ಮಬುದ್ಧಿಯಿತ್ತು, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಮುಂದೆ ಯಾರೂ ಹಾಗೆ ಅಡವಿಡಬಾರದೆಂದು ಶಾಸನವಾಯಿತು.

ಹೀಗೆ ಕ್ಷೇತ್ರವು ಉಳಿದುಬಂದಿತು. ಉತ್ತರದಿಂದ ಬಂದ ಯಾತ್ರಿಕರು ತಮ್ಮ ನಾಗರಿ ಲಿಪಿಯಲ್ಲಿ ಹೆಸರುಗಳನ್ನು ಕೆತ್ತಿಹೋದರು. ಮಸ್ತಕಾಭಿಷೇಕಗಳು ನಡೆದುವು; ಪಂಡಿತಾರ್ಯರು ಏಳು ಸಲ ಅದನ್ನು ನಡಸಿದರೆಂದು ೧೩೯೮ರ ಶಾಸನದಿಂದ ತಿಳಿದುಬರುತ್ತದೆ. ೧೯೮೧ರಲ್ಲಿ ಮೂರ್ತಿಗೆ ಸಾವಿರ ವರ್ಷ ತುಂಬಿದ ಮಹೋತ್ಸವವಾಯಿತು. ೨೦೧೮ರಲ್ಲಿ ಮತ್ತೆ ಅಭಿಷೇಕವಾಯಿತು. ಲಕ್ಷಗಟ್ಟಲೆ ಜನ ದೊಡ್ಡಬೆಟ್ಟವನ್ನು ಹತ್ತಿದರು. ಅವರಲ್ಲಿ ಎಷ್ಟು ಮಂದಿ ಚಿಕ್ಕಬೆಟ್ಟವನ್ನೂ ಹತ್ತಿದರೋ!

ಮುಗಿಸುವುದಕ್ಕೆ ಮುನ್ನ ಒಂದು ಸಂಗತಿ. ದೊಡ್ಡಬೆಟ್ಟವನ್ನು ಹತ್ತುವ ದಾರಿಯಲ್ಲಿ ತ್ಯಾಗದ ಬ್ರಹ್ಮದೇವರ ಕಂಬವೆಂಬ ಸುಂದರವಾದ ಸ್ತಂಭವಿದೆ. ಅದರ ನಾಲ್ಕು ಮುಖಗಳಲ್ಲಿಯೂ ಚಾವುಂಡರಾಯನು ತನ್ನ ಚರಿತ್ರೆಯನ್ನು ಬರೆಯಿಸಿದ್ದನು. ಮೂರ್ತಿಯ ವೃತ್ತಾಂತವೂ ಅದರಲ್ಲಿ ಇದ್ದಿರಬೇಕು. ೧೨೦೦ರ ಸುಮಾರಿನಲ್ಲಿ ಹೆಗ್ಗಡೆ ಕಣ್ಣನೆಂಬವನು, ತಾನು ಯಕ್ಷನೊಬ್ಬನನ್ನು ಮಾಡಿಸಿದೆನೆಂದು ಎರಡೂವರೆ ಸಾಲು ಬರೆಯಿಸುವುದಕ್ಕಾಗಿ, ಮೂರು ಮುಖಗಳ ಬರೆಹವನ್ನು ಅಳಿಸಿಹಾಕಿಸಿದನು. ಜಗತ್ತೇ ಬೆರಗಾಗುವ ಮೂರ್ತಿಯನ್ನು ನಿಲ್ಲಿಸಿದವನ ಮಾತು ಹೀಗೆ ಮಣ್ಣುಪಾಲಾಯಿತು. ಎದುರಿನ ಬೆಟ್ಟದಲ್ಲಿ, ಮಳೆಗೂ ಬಿಸಿಲಿಗೂ ಬಿದ್ದಿರುವ ಬಂಡೆಯ ಮೇಲೆ, ನಾಗಮತಿ ಗಂತಿಯರ ಎರಡು ಸಾಲು ಹದಿಮೂರು ನೂರು ವರ್ಷಗಳಿಂದ ಹಾಗೆಯೇ ಇದೆ. ಕಾಪಾಡಿದ್ದು ಕಾವಲುಗಾರರಲ್ಲ, ತುಳಿಯಬಾರದೆಂದು ಸೊಸೆಗೆ ಹೇಳಿಕೊಟ್ಟ ಅತ್ತೆಯಂಥವರು.

ತಾವು ಇನ್ನೊಂದು ಸಲ ಬೆಳಗೊಳಕ್ಕೆ ಹೋದಾಗ, ಬೆಳಗಿನ ತಂಪಿನಲ್ಲಿ ಮೊದಲು ಚಿಕ್ಕಬೆಟ್ಟವನ್ನು ಹತ್ತಿರಿ. ಪಾದರಕ್ಷೆಗಳನ್ನು ಕೆಳಗೇ ಬಿಟ್ಟು, ಕಾಲಕೆಳಗೆ ನೋಡಿಕೊಂಡು ನಡೆಯಿರಿ. ಆಮೇಲೆ ಗೊಮ್ಮಟನ ಬಳಿಗೆ ಹೋಗಿ ಅವನು ನಿಂತಿರುವ ದಿಕ್ಕನ್ನು ಗಮನಿಸಿರಿ. ಅವನು ಉತ್ತರಕ್ಕೆ ಮುಖಮಾಡಿ ನಿಂತಿದ್ದಾನೆ. ಅವನ ಎದುರಿಗಿರುವುದು ಚಿಕ್ಕಬೆಟ್ಟ.